ವಿವಾಹಾಧಾರಿತ ವಲಸೆ: ಮಾರ್ಗಗಳು ಮತ್ತು ಆಯ್ಕೆ

ಬೇರೆ ಬೇರೆ ದೇಶಗಳ ಪೌರತ್ವ ಹೊಂದಿದ ಇಬ್ಬರು, ಮದುವೆಯ ಸಂಬಂಧವನ್ನೇ ಆಧಾರವಾಗಿಟ್ಟುಕೊಂಡು ಒಂದೇ ದೇಶದಲ್ಲಿ ನೆಲೆಸಲು ಪಡೆಯುವ ಕಾನೂನುಬದ್ಧ ಅನುಮತಿಯನ್ನು ವಿವಾಹಾಧಾರಿತ ವಲಸೆ ಎನ್ನುತ್ತಾರೆ. ನೆಲೆಸಬೇಕಾದ ದೇಶದ ಪೌರತ್ವವನ್ನೋ ಕಾಯಂ ನಿವಾಸದ ಹಕ್ಕನ್ನೋ ಹೊಂದಿರುವ ಸಂಗಾತಿ ಇದರಲ್ಲಿ ಪ್ರಾಯೋಜಕರಾಗಿ ನಿಂತು, ಸಂಬಂಧ ನಿಜವಾದದ್ದೆಂದೂ ಬರುವವರ ಜೀವನ ನಿರ್ವಹಣೆಗೆ ತಾವು ಹೊಣೆಯೆಂದೂ ಸರ್ಕಾರಕ್ಕೆ ಒಪ್ಪಿಸಬೇಕಾಗುತ್ತದೆ. ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಎರಡು ರೀತಿಯಲ್ಲಿ ಎದುರಾಗುತ್ತದೆ: ಓದು, ಉದ್ಯೋಗಗಳಿಗಾಗಿ ಹೊರದೇಶಕ್ಕೆ ಹೋಗಿ ಅಲ್ಲಿನ ಪೌರತ್ವ ಪಡೆದವರು ಊರ ಕಡೆಯ ಸಂಬಂಧ ಮಾಡಿಕೊಂಡಾಗ ಒಂದು, ಈ ಭಾಗದವರು ವಿದೇಶೀಯರನ್ನೇ ವರಿಸಿದಾಗ ಇನ್ನೊಂದು. ಯಾವ ವೀಸಾ ಬೇಗ ಸಿಗುತ್ತದೆ, ಯಾವುದಕ್ಕೆ ಖರ್ಚು ಕಡಿಮೆ ಎಂಬ ಲೆಕ್ಕದಿಂದಲೇ ಮಾರ್ಗದ ಚರ್ಚೆ ಆರಂಭವಾಗುವುದು ವಾಡಿಕೆಯಾದರೂ, ಆಯ್ಕೆಯನ್ನು ನಿಜವಾಗಿ ನಿರ್ಧರಿಸುವುದು ಅದಕ್ಕಿಂತ ಹಿಂದಿನ ಎರಡು ಸಂಗತಿಗಳು. ಮದುವೆ ಮೊದಲೋ ಪ್ರಯಾಣ ಮೊದಲೋ ಎಂಬ ಕ್ರಮ ಒಂದಾದರೆ, ಮದುವೆ ಯಾವ ಕಾಯ್ದೆಯ ಅಡಿಯಲ್ಲಿ ಸಿಂಧುವಾಗಿದೆ ಎಂಬುದು ಮತ್ತೊಂದು.

ಮಾರ್ಗಗಳ ವರ್ಗೀಕರಣ

ವಿವಾಹಾಧಾರಿತ ವಲಸೆಯ ಮಾರ್ಗಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮದುವೆಯಾದ ಮೇಲೆ ವಧು ಅಥವಾ ವರ ತಮ್ಮ ದೇಶದಲ್ಲಿದ್ದುಕೊಂಡೇ ವಲಸೆ ವೀಸಾ ಪಡೆದು ಹೊರಡುವುದು ಸಂಗಾತಿ ಮಾರ್ಗ. ಮದುವೆ ನಿಶ್ಚಯವಾಗಿದ್ದು, ಪ್ರಾಯೋಜಕರ ದೇಶಕ್ಕೆ ಹೋಗಿ ನಿಗದಿತ ಅವಧಿಯೊಳಗೆ ಮದುವೆಯಾಗುವ ಕರಾರಿನ ಮೇಲೆ ಪ್ರವೇಶ ಪಡೆಯುವುದು ನಿಶ್ಚಿತ ಸಂಗಾತಿಯ ಮಾರ್ಗ. ವಿದ್ಯಾರ್ಥಿಯಾಗಿಯೋ ನೌಕರರಾಗಿಯೋ ಈಗಾಗಲೇ ಆ ದೇಶದಲ್ಲಿ ಇರುವವರು ಅಲ್ಲಿಯೇ ಮದುವೆಯಾಗಿ, ದೇಶ ಬಿಡದೆ ಕಾಯಂ ನಿವಾಸಕ್ಕೆ ಅರ್ಜಿ ಹಾಕುವುದು ಮೂರನೆಯದು. ಇದನ್ನು ಸ್ಥಾನಮಾನ ಬದಲಾವಣೆ ಎಂದು ಕರೆಯಬಹುದು. ಪ್ರವಾಸಿ ವೀಸಾದ ಮೇಲೆ ಹೋಗಿ ಮದುವೆಯಾಗಿ ಅಲ್ಲೇ ಉಳಿಯುವ ಉದ್ದೇಶವನ್ನು ಪ್ರವೇಶದ ವೇಳೆ ಮರೆಮಾಚುವುದನ್ನು ಅಮೆರಿಕದ ಕಾನೂನು ಸುಳ್ಳು ನಿರೂಪಣೆ ಎಂದು ಪರಿಗಣಿಸುತ್ತದೆಯಾದ್ದರಿಂದ, ಅದು ಮಾರ್ಗವಲ್ಲ, ಮುಂದಿನ ಮಾರ್ಗಗಳನ್ನೂ ಮುಚ್ಚಬಲ್ಲ ಅಪಾಯ.

ಐತಿಹಾಸಿಕ ಹಿನ್ನೆಲೆ

ಅಮೆರಿಕವು 1946ರ ಲೂಸ್–ಸೆಲ್ಲರ್ ಕಾಯ್ದೆಯವರೆಗೆ ಭಾರತೀಯರಿಗೆ ಪೌರತ್ವದ ಸ್ಪಷ್ಟ ಹಕ್ಕನ್ನು ಕೊಟ್ಟಿರಲಿಲ್ಲ. ಆ ಕಾಯ್ದೆ ಕೊಟ್ಟಾಗಲೂ ವರ್ಷಕ್ಕೆ 100 ಜನ ಭಾರತೀಯರ ವಲಸೆಗಷ್ಟೇ ಅವಕಾಶವಿತ್ತು. 1922ರ ಕೇಬಲ್ ಕಾಯ್ದೆಯ ಪ್ರಕಾರ, ಪೌರತ್ವಕ್ಕೆ ಅನರ್ಹನಾದ ವಿದೇಶಿಯನ್ನು ಮದುವೆಯಾದ ಅಮೆರಿಕನ್ ಮಹಿಳೆ ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು, ಮತ್ತು ಭಾರತೀಯರನ್ನು ವರಿಸಿದವರಿಗೂ ಇದು ಅನ್ವಯಿಸುತ್ತಿತ್ತು. 1965ರ ವಲಸೆ ಕಾಯ್ದೆ ದೇಶವಾರು ಪಾಲಿನ ಹಳೆಯ ಪದ್ಧತಿಯನ್ನು ತೆಗೆದು ಕುಟುಂಬ ಸಂಬಂಧಕ್ಕೆ ಪ್ರಾಶಸ್ತ್ಯ ಕೊಟ್ಟಿತು. 1970ರಲ್ಲಿ ನಿಶ್ಚಿತ ಸಂಗಾತಿಗಾಗಿ ಕೆ-1 ವೀಸಾ ಜಾರಿಗೆ ಬಂತು. 1986ರಲ್ಲಿ ಕಪಟ ಮದುವೆಗಳನ್ನು ತಡೆಯಲು ಹೊಸ ದಂಪತಿಗೆ ಎರಡು ವರ್ಷಗಳ ಷರತ್ತುಬದ್ಧ ನಿವಾಸದ ಪದ್ಧತಿ ಸೇರಿತು. ಬ್ರಿಟನ್ನಿನಲ್ಲಿ, ಮದುವೆಯ ಮುಖ್ಯ ಉದ್ದೇಶ ವಲಸೆಯಲ್ಲವೆಂದು ಅರ್ಜಿದಾರರೇ ಸಾಬೀತುಪಡಿಸಬೇಕಾಗಿದ್ದ ನಿಯಮವು ಭಾರತ ಉಪಖಂಡದ ಕುಟುಂಬಗಳನ್ನು ಬಹಳವಾಗಿ ಕಾಡಿ, ಕೊನೆಗೆ 1997ರಲ್ಲಿ ರದ್ದಾಯಿತು.

ಭಾರತದ ಕಾನೂನೂ ಇದೇ ಅವಧಿಯಲ್ಲಿ ಬದಲಾಗಿದೆ. 1955ರ ಪೌರತ್ವ ಕಾಯ್ದೆ ಮೊದಲಿಗೆ ಭಾರತೀಯ ಪುರುಷರನ್ನು ಮದುವೆಯಾದ ವಿದೇಶಿ ಮಹಿಳೆಯರಿಗೆ ಮಾತ್ರ ನೋಂದಣಿಯ ಮೂಲಕ ಪೌರತ್ವದ ಅವಕಾಶ ನೀಡಿತ್ತು. 1986ರ ತಿದ್ದುಪಡಿ ಅದನ್ನು ಸ್ತ್ರೀ–ಪುರುಷರಿಬ್ಬರಿಗೂ ಅನ್ವಯಿಸಿ ಐದು ವರ್ಷಗಳ ವಾಸದ ನಿಯಮ ಹೇರಿತು, 2003ರ ತಿದ್ದುಪಡಿ ಆ ಅವಧಿಯನ್ನು ಏಳು ವರ್ಷಗಳಿಗೆ ಏರಿಸಿತು.

ಮದುವೆಯ ಕಾನೂನು ಬುನಾದಿ

ಮದುವೆ ನಡೆದ ಸ್ಥಳದ ಕಾನೂನಿಗೆ ಅನುಗುಣವಾಗಿ ಸಿಂಧುವಾಗಿದ್ದರೆ ಬಹುತೇಕ ದೇಶಗಳು ಅದನ್ನು ಮಾನ್ಯ ಮಾಡುತ್ತವೆ. ಆದ್ದರಿಂದ ವೀಸಾ ಅರ್ಜಿಯ ಭವಿಷ್ಯ ನಿರ್ಧಾರವಾಗುವುದು ವಾಷಿಂಗ್ಟನ್ ಅಥವಾ ಲಂಡನ್ನಿನಲ್ಲಿ ಮಾತ್ರವಲ್ಲ, ಅಥಣಿ ಅಥವಾ ಚಿಕ್ಕೋಡಿಯ ಉಪನೋಂದಣಾಧಿಕಾರಿ ಕಚೇರಿಯಲ್ಲಿಯೂ ಹೌದು. ವಧೂವರರಿಬ್ಬರೂ ಹಿಂದೂಗಳಾಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆ ಅನ್ವಯಿಸುತ್ತದೆ, ಮತ್ತು ಈ ಭಾಗದಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುವ ಲಿಂಗಾಯತರೂ ಜೈನರೂ ಅದರ 2ನೇ ಕಲಮಿನ ವ್ಯಾಪ್ತಿಗೆ ಬರುತ್ತಾರೆ. ಇಬ್ಬರಲ್ಲಿ ಒಬ್ಬರು ಹಿಂದೂ ಅಲ್ಲದಿದ್ದರೆ ಈ ಕಾಯ್ದೆಯಡಿ ನಡೆದ ಮದುವೆ ಸಿಂಧುವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟಪಡಿಸಿದೆ. ಹೀಗಾಗಿ ಕ್ರೈಸ್ತಧರ್ಮದ ಅಮೆರಿಕನ್ ವರನಿಗೂ ಇಲ್ಲಿನ ಹಿಂದೂ ವಧುವಿಗೂ ಮಂಗಸೂಳಿಯ ಖಂಡೋಬಾ ದೇವಸ್ಥಾನದಲ್ಲಿ ಎಷ್ಟೇ ವಿಧಿವತ್ತಾಗಿ ಅಕ್ಷತೆ ಬಿದ್ದರೂ, ಕಾನೂನಿನ ದೃಷ್ಟಿಯಲ್ಲಿ ಅಷ್ಟರಿಂದಲೇ ಅವರು ದಂಪತಿಯಾಗುವುದಿಲ್ಲ; ಅದಕ್ಕೆ 1954ರ ವಿಶೇಷ ವಿವಾಹ ಕಾಯ್ದೆಯಂಥ ಅನ್ವಯವಾಗುವ ಕಾಯ್ದೆಯಡಿ ಅಥವಾ ವಿದೇಶದಲ್ಲಿ ಅಲ್ಲಿನ ಕಾನೂನಿನಂತೆ ಮದುವೆಯಾಗಬೇಕು.

ವಿಶೇಷ ವಿವಾಹ ಕಾಯ್ದೆಯಡಿ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ನೋಟಿಸಿಗೆ ಮುಂಚೆ ಕನಿಷ್ಠ 30 ದಿನ ವಾಸವಾಗಿರಬೇಕು; ನೋಟಿಸು ಪ್ರಕಟವಾದ ಮೇಲೆ ಆಕ್ಷೇಪಣೆಗಾಗಿ ಮತ್ತೆ 30 ದಿನ ಕಾಯಬೇಕು; ಆನಂತರ ಮೂವರು ಸಾಕ್ಷಿಗಳ ಎದುರು ವಿವಾಹಾಧಿಕಾರಿಯ ಮುಂದೆ ಮದುವೆ ನಡೆಯುತ್ತದೆ. ವಿದೇಶಿ ಪಕ್ಷದವರು ತಾವು ಅವಿವಾಹಿತರೆಂಬುದಕ್ಕೆ ಅಥವಾ ಹಿಂದಿನ ಮದುವೆ ಮುಗಿದಿದೆ ಎಂಬುದಕ್ಕೆ ತಮ್ಮ ದೇಶದ ಪ್ರಮಾಣಪತ್ರ ತರಬೇಕಾಗುವುದರಿಂದ, ಎರಡು ವಾರದ ರಜೆಯಲ್ಲಿ ಬಂದು ಮದುವೆ ಮುಗಿಸಿಕೊಂಡು ಹೋಗುವ ಯೋಜನೆ ಈ ಕಾಯ್ದೆಗೆ ಹೊಂದುವುದಿಲ್ಲ. ಹೊರದೇಶದಲ್ಲಿರುವ ಭಾರತೀಯ ಪೌರರಿಗಾಗಿ 1969ರ ವಿದೇಶಿ ವಿವಾಹ ಕಾಯ್ದೆಯಿದ್ದು, ಅದರಡಿ ಭಾರತದ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ಮದುವೆಯಾಗಬಹುದು.

ಶಾಸ್ತ್ರ ಮತ್ತು ನೋಂದಣಿಗಳ ನಡುವಿನ ಸಂಬಂಧವೇ ಭಾರತೀಯ ಅರ್ಜಿಗಳಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ವಿಷಯವಾಗಿದೆ. ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ ವಧೂವರರಲ್ಲಿ ಯಾರಾದರೊಬ್ಬರ ಸಂಪ್ರದಾಯದಂತೆ ವಿಧಿಗಳು ನಡೆದಾಗ ಮದುವೆ ಪೂರ್ಣವಾಗುತ್ತದೆ; 8ನೇ ಕಲಮಿನ ನೋಂದಣಿ ಅದಕ್ಕೆ ಪುರಾವೆ ಮಾತ್ರ. ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ನಿರ್ದೇಶಿಸಿದ್ದರೂ, ನೋಂದಣಿಯಾಗದ ಮಾತ್ರಕ್ಕೆ ಮದುವೆ ಅಸಿಂಧುವಾಗುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಒಂದು ರೂಢಿ ಎಂದರೆ, ವೀಸಾ ಅರ್ಜಿ ಬೇಗ ಹಾಕಲೆಂದು ಮೊದಲು ಕಾಗದದ ಮೇಲೆ ನೋಂದಣಿ ಮಾಡಿಸಿ, ತಿಂಗಳುಗಳ ನಂತರ ಮುಹೂರ್ತ ನೋಡಿ ಮದುವೆ ಮಾಡುವುದು. 2024ರ ಏಪ್ರಿಲ್‌ನಲ್ಲಿ ಡಾಲಿ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ರೂಢಿಯನ್ನು ಉಲ್ಲೇಖಿಸಿಯೇ, ವಿಧಿಗಳು ನಡೆಯದ ಹಿಂದೂ ಮದುವೆಗೆ ನೋಂದಣಿ ಪ್ರಮಾಣಪತ್ರವಷ್ಟೇ ಸಿಂಧುತ್ವ ತಂದುಕೊಡುವುದಿಲ್ಲವೆಂದು ಹೇಳಿತು. ಮುಂಚಿತವಾಗಿ ಕಾನೂನುಬದ್ಧವಾಗಿ ಮದುವೆಯಾಗಬೇಕೆನ್ನುವವರಿಗೆ ಉಳಿಯುವ ನಿರ್ದುಷ್ಟ ದಾರಿಗಳೆಂದರೆ, ಸರಳವಾಗಿಯಾದರೂ ಸರಿ ವಿಧಿಪೂರ್ವಕ ಮದುವೆ ನಡೆಸಿ ಅನಂತರ ನೋಂದಾಯಿಸುವುದು, ಇಲ್ಲವೇ ವಿಶೇಷ ವಿವಾಹ ಕಾಯ್ದೆಯನ್ನು ಅನುಸರಿಸುವುದು.

ರಕ್ತಸಂಬಂಧದ ಮದುವೆಗಳು ಈ ಪ್ರದೇಶದ ಮಟ್ಟಿಗೆ ಪ್ರತ್ಯೇಕ ಪರಿಶೀಲನೆ ಬೇಡುತ್ತವೆ. ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ತರುವ ರೂಢಿ ಕರ್ನಾಟಕದ ಅನೇಕ ಸಮುದಾಯಗಳಲ್ಲಿದೆ. ಹಿಂದೂ ವಿವಾಹ ಕಾಯ್ದೆ ಇಂಥ ಸಂಬಂಧಗಳನ್ನು ನಿಷಿದ್ಧ ಶ್ರೇಣಿಯಲ್ಲಿಟ್ಟರೂ, ಸಮುದಾಯದ ರೂಢಿ ಒಪ್ಪುವುದಾದರೆ ವಿನಾಯಿತಿ ಕೊಡುತ್ತದೆ. ಹೊರದೇಶದಲ್ಲಿ ಈ ವಿನಾಯಿತಿ ಯಾವಾಗಲೂ ನಡೆಯುವುದಿಲ್ಲ. ಬ್ರಿಟನ್ನಿನ ಕಾನೂನು ಮಾವ–ಸೊಸೆಯರ, ಅಂದರೆ ಅಕ್ಕನ ಮಗಳೊಂದಿಗಿನ, ಮದುವೆಯನ್ನು ನಿಷೇಧಿಸಿ ಸೋದರಿಕೆಯ ಮಕ್ಕಳ ಮದುವೆಗೆ ಅವಕಾಶ ಕೊಡುತ್ತದೆ. ಅಮೆರಿಕದಲ್ಲಿ ದಂಪತಿ ವಾಸಿಸಲಿರುವ ರಾಜ್ಯದ ನೀತಿಯನ್ನೂ ವಲಸೆ ಅಧಿಕಾರಿಗಳು ಗಮನಿಸುವುದರಿಂದ, ಒಂದು ರಾಜ್ಯದಲ್ಲಿ ಮಾನ್ಯವಾಗುವ ಸಂಬಂಧ ಇನ್ನೊಂದರಲ್ಲಿ ತಿರಸ್ಕೃತವಾಗಬಹುದು.

ಗಡಿಭಾಗದ ದಾಖಲೆಗಳು

ಮಂಗಸೂಳಿ, ಕಾಗವಾಡ, ಉಗಾರಗಳ ಜನರಿಗೆ ಮೀರಜ್ ಮತ್ತು ಸಾಂಗ್ಲಿಗಳೇ ಹತ್ತಿರದ ಪೇಟೆಗಳಾಗಿರುವುದರಿಂದ, ಹುಡುಗಿ ಕೊಡುವುದು–ತರುವುದು ಮಾತ್ರವಲ್ಲದೆ ಹೆರಿಗೆ, ಕಾಲೇಜು, ಕಲ್ಯಾಣಮಂಟಪಗಳೂ ರಾಜ್ಯದ ಗಡಿಯನ್ನು ದಾಟುತ್ತವೆ. ಮೀರಜಿನಲ್ಲಿ ಅಕ್ಷತೆ ಬಿದ್ದ ಮದುವೆಗೆ ಮಹಾರಾಷ್ಟ್ರದ 1998ರ ಕಾಯ್ದೆಯೂ, ಕಾಗವಾಡದಲ್ಲಿ ನಡೆದದ್ದಕ್ಕೆ ಕರ್ನಾಟಕದ 1976ರ ವಿವಾಹ ನೋಂದಣಿ ಕಾಯ್ದೆಯೂ ಅನ್ವಯಿಸುತ್ತವೆ. ಹೀಗೆ ಒಬ್ಬರೇ ಅರ್ಜಿದಾರರ ಜನನ ಪ್ರಮಾಣಪತ್ರ ಮರಾಠಿಯಲ್ಲಿಯೂ ಶಾಲೆಯ ದಾಖಲೆ ಕನ್ನಡದಲ್ಲಿಯೂ ಇರುವುದು ಅಪರೂಪವಲ್ಲ. ಇಂಗ್ಲಿಷಿನಲ್ಲಿಲ್ಲದ ಪ್ರತಿಯೊಂದು ಕಾಗದಕ್ಕೂ ಅಮೆರಿಕದ ವಲಸೆ ಇಲಾಖೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಕೇಳುತ್ತದೆ.

ಹೆಸರಿನ ರಚನೆ ಇನ್ನೊಂದು ತೊಡಕು. ಹಳೆಯ ಮುಂಬಯಿ ಪ್ರಾಂತದ ಪದ್ಧತಿಯಂತೆ ಇಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿದ್ದು, ಮದುವೆಯಾದ ಮೇಲೆ ಹೆಣ್ಣುಮಕ್ಕಳ ಹೆಸರಿನಲ್ಲಿ ತಂದೆಯ ಜಾಗಕ್ಕೆ ಗಂಡನ ಹೆಸರೂ ತವರಿನ ಅಡ್ಡಹೆಸರಿನ ಜಾಗಕ್ಕೆ ಗಂಡನ ಮನೆಯ ಅಡ್ಡಹೆಸರೂ ಬರುತ್ತವೆ. ಪಾಸ್‌ಪೋರ್ಟ್, ಆಧಾರ್, ವಿವಾಹ ಪ್ರಮಾಣಪತ್ರಗಳಲ್ಲಿ ಈ ಬದಲಾವಣೆ ಒಂದರಲ್ಲಾಗಿ ಇನ್ನೊಂದರಲ್ಲಾಗದೆ ಉಳಿದರೆ ಒಬ್ಬರೇ ಇಬ್ಬರಂತೆ ಕಾಣುತ್ತಾರೆ. ಸ್ಥಳನಾಮಗಳೂ ಬದಲಾಗಿವೆ: 1956ರ ನವೆಂಬರ್ 1ರವರೆಗೆ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, 2014ರ ನವೆಂಬರ್ 1ರಂದು ಬೆಳಗಾಂ ಎಂಬುದು ಅಧಿಕೃತವಾಗಿ ಬೆಳಗಾವಿಯಾಯಿತು, ಅಥಣಿಯ ಭಾಗವಾಗಿದ್ದ ಕಾಗವಾಡ ಪ್ರತ್ಯೇಕ ತಾಲ್ಲೂಕಾಯಿತು. ಜನನ ನೋಂದಣಿಯೇ ಆಗಿರದ ಹಿರಿಯ ಅರ್ಜಿದಾರರು ಸಂಬಂಧಪಟ್ಟ ನೋಂದಣಾಧಿಕಾರಿಯಿಂದ ದಾಖಲೆ ಲಭ್ಯವಿಲ್ಲವೆಂಬ ಪತ್ರ ಪಡೆದು, ಅದರೊಂದಿಗೆ ಶಾಲೆ ಬಿಟ್ಟ ದಾಖಲೆ ಮತ್ತು ಹಿರಿಯರ ಪ್ರಮಾಣಪತ್ರ ಲಗತ್ತಿಸುವುದು ಒಪ್ಪಿತ ಕ್ರಮವಾಗಿದೆ.

ವಿದೇಶದಲ್ಲಿ ಬಳಸಬೇಕಾದ ದಾಖಲೆಗಳಿಗೆ ವಿದೇಶಾಂಗ ಸಚಿವಾಲಯ ಹಾಕಿಕೊಡುವ ಅಂತರರಾಷ್ಟ್ರೀಯ ದೃಢೀಕರಣ ಮುದ್ರೆಯನ್ನು ಅಪೋಸ್ಟಿಲ್ ಎನ್ನುತ್ತಾರೆ. ಇದಕ್ಕೆ ಆಧಾರವಾದ 1961ರ ಹೇಗ್ ಒಪ್ಪಂದ ಭಾರತಕ್ಕೆ ಅನ್ವಯವಾದದ್ದು 2005ರಲ್ಲಿ. ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪಿಸಿದ್ದರಿಂದ ಆ ದೇಶದ ವಿಷಯದಲ್ಲಿ ಅಪೋಸ್ಟಿಲ್ ಸಾಲದೆ, ಜರ್ಮನ್ ರಾಜತಾಂತ್ರಿಕ ಕಚೇರಿಗಳು ದಾಖಲೆಗಳನ್ನು ತಾವೇ ಪರಿಶೀಲನೆಗೆ ಒಳಪಡಿಸುತ್ತವೆ.

ಅಮೆರಿಕದ ಎರಡು ದಾರಿಗಳು

ಅಮೆರಿಕದ ಪೌರರಿಗೆ ಕೆ-1 ವೀಸಾ ಮತ್ತು ಸಂಗಾತಿಯ ವಲಸೆ ವೀಸಾ ಎಂಬ ಎರಡು ದಾರಿಗಳು ತೆರೆದಿವೆ. ಕೆ-1 ಬೇಕಾದವರು ಐ-129ಎಫ್ ಅರ್ಜಿ ಸಲ್ಲಿಸಬೇಕು. ಇಬ್ಬರೂ ಹಿಂದಿನ ಎರಡು ವರ್ಷಗಳೊಳಗೆ ಒಮ್ಮೆಯಾದರೂ ಮುಖಾಮುಖಿ ಭೇಟಿಯಾಗಿರಬೇಕು. ಅಮೆರಿಕ ಪ್ರವೇಶಿಸಿದ 90 ದಿನಗಳೊಳಗೆ ಅರ್ಜಿ ಹಾಕಿದವರನ್ನೇ ಮದುವೆಯಾಗಿ, ಆಮೇಲೆ ಐ-485 ಅರ್ಜಿಯ ಮೂಲಕ ಗ್ರೀನ್ ಕಾರ್ಡ್ ಅಂದರೆ ಕಾಯಂ ನಿವಾಸ ಕೇಳಬೇಕು. ಆ ಅರ್ಜಿ ಬಾಕಿಯಿರುವಾಗ ಕೆಲಸಕ್ಕೂ ವಿದೇಶ ಪ್ರಯಾಣಕ್ಕೂ ಪ್ರತ್ಯೇಕ ಅನುಮತಿ ಬೇಕಾಗುವುದರಿಂದ, ಮೊದಲ ಕೆಲವು ತಿಂಗಳು ಹೊಸ ವಧು ಅಥವಾ ವರ ದುಡಿಯಲಾಗದೆ, ಊರಿನಲ್ಲಿ ಏನೇ ನಡೆದರೂ ಸುಲಭವಾಗಿ ಬರಲಾಗದೆ ಇರಬೇಕಾಗುತ್ತದೆ.

ಸಂಗಾತಿ ಮಾರ್ಗದಲ್ಲಿ ಮದುವೆಯ ನಂತರ ಐ-130 ಅರ್ಜಿ ಸಲ್ಲಿಸಲಾಗುತ್ತದೆ. ಅದು ಮಂಜೂರಾದ ಮೇಲೆ ರಾಷ್ಟ್ರೀಯ ವೀಸಾ ಕೇಂದ್ರದಲ್ಲಿ ಡಿಎಸ್-260 ನಮೂನೆ, ಪೊಲೀಸ್ ಪ್ರಮಾಣಪತ್ರ, ಆರ್ಥಿಕ ಹೊಣೆಯ ಐ-864 ಮುಚ್ಚಳಿಕೆಗಳು ಪರಿಶೀಲನೆಯಾಗಿ, ವೈದ್ಯಕೀಯ ತಪಾಸಣೆಯ ಬಳಿಕ ಸಂದರ್ಶನ ನಡೆಯುತ್ತದೆ. ಭಾರತದ ವಲಸೆ ವೀಸಾ ಸಂದರ್ಶನಗಳು ಮುಖ್ಯವಾಗಿ ಮುಂಬಯಿಯ ಅಮೆರಿಕನ್ ಕಾನ್ಸುಲೇಟಿನಲ್ಲಿ ನಡೆಯುವುದರಿಂದ, ಮೀರಜ್ ಜಂಕ್ಷನ್ ಹತ್ತಿರವಿರುವ ಈ ತಾಲ್ಲೂಕುಗಳವರಿಗೆ ಬೆಂಗಳೂರಿಗಿಂತ ಅದೇ ಸಮೀಪ. ಪ್ರವೇಶದ ದಿನ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಆರ್-1 ಎಂಬ ಷರತ್ತುಬದ್ಧ ನಿವಾಸವೂ, ತುಂಬಿದ್ದರೆ ಐಆರ್-1 ಎಂಬ ಪೂರ್ಣ ನಿವಾಸವೂ ದೊರೆಯುತ್ತದೆ. ಷರತ್ತುಬದ್ಧ ನಿವಾಸಿಗಳು ಅವಧಿ ಮುಗಿಯುವ ಮುನ್ನಿನ 90 ದಿನಗಳಲ್ಲಿ ಐ-751 ಅರ್ಜಿ ಹಾಕಿ ಷರತ್ತು ತೆಗೆಸಿಕೊಳ್ಳಬೇಕು. ಈ ಮಾರ್ಗದಲ್ಲಿ ಬಂದವರು ವಿಮಾನದಿಂದ ಇಳಿದ ದಿನವೇ ಕಾಯಂ ನಿವಾಸಿಯಾಗಿ ಕೆಲಸ ಮಾಡುವ ಹಕ್ಕು ಪಡೆಯುತ್ತಾರೆ.

ವೆಚ್ಚದಲ್ಲಿಯೂ ವ್ಯತ್ಯಾಸವಿದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರಗಳಂತೆ ಐ-129ಎಫ್ ಮತ್ತು ಕಾಗದದ ಐ-130 ಎರಡಕ್ಕೂ 675 ಡಾಲರ್ ಶುಲ್ಕವಿದ್ದರೆ, ಕೆ-1 ಮೂಲಕ ಬಂದವರು ಐ-485ಕ್ಕೆ ಮತ್ತೆ 1,440 ಡಾಲರ್ ತೆರಬೇಕಾಗುವುದರಿಂದ ಒಟ್ಟಾರೆ ಸಂಗಾತಿ ಮಾರ್ಗವೇ ಅಗ್ಗ. ಪ್ರಾಯೋಜಕರ ವರಮಾನ ಸಾಮಾನ್ಯವಾಗಿ ಸರ್ಕಾರ ಪ್ರಕಟಿಸುವ ಬಡತನ ಮಿತಿಯ ಶೇ. 125ರಷ್ಟಿರಬೇಕು, ಕೊರತೆಯಿದ್ದರೆ ಅಮೆರಿಕದಲ್ಲಿರುವ ಇನ್ನೊಬ್ಬರು ಜಂಟಿ ಪ್ರಾಯೋಜಕರಾಗಬಹುದು. ಐ-864ರ ಹೊಣೆ ವಿಚ್ಛೇದನದಿಂದಲೂ ಕೊನೆಗೊಳ್ಳುವುದಿಲ್ಲ ಎಂಬುದನ್ನು ಸಹಿ ಮಾಡುವವರು ತಿಳಿದಿರಬೇಕು.

ಉತ್ತರ ಕರ್ನಾಟಕದ ಕುಟುಂಬಗಳು ಕೆ-1 ಆರಿಸಿಕೊಂಡಾಗ ನಿಶ್ಚಿತಾರ್ಥವೇ ತೊಡಕಾಗುವ ಸಂಭವವಿದೆ. ಹೂಮಾಲೆ, ಹೊಸ ಸೀರೆ, ಉಂಗುರ, ಬಂಧುಬಳಗದ ಊಟಗಳ ಚಿತ್ರಗಳನ್ನು ಸಂಬಂಧದ ಪುರಾವೆಯಾಗಿ ಕೊಟ್ಟಾಗ ಮದುವೆ ಆಗಲೇ ನಡೆದಿದೆಯೆಂದು ಅಧಿಕಾರಿ ಭಾವಿಸಬಹುದು, ಮತ್ತು ನೋಂದಣಿಯಿಲ್ಲದೆಯೂ ಶಾಸ್ತ್ರೋಕ್ತ ಮದುವೆ ಸಿಂಧುವಾಗುವ ಭಾರತೀಯ ಕಾನೂನು ಆ ಅನುಮಾನಕ್ಕೆ ಬಲ ಕೊಡುತ್ತದೆ. ಹಾಗೆ ನಿರ್ಧಾರವಾದರೆ ಅವರು ಕೆ-1ಕ್ಕೆ ವಿವಾಹಿತರಾಗಿ ಅನರ್ಹರು, ಸಂಗಾತಿ ವೀಸಾಕ್ಕೆ ಬೇಕಾದ ಪ್ರಮಾಣಪತ್ರವೂ ಅವರ ಕೈಯಲ್ಲಿರುವುದಿಲ್ಲ. ಹಿರಿಯರ ಸಮ್ಮುಖದಲ್ಲಿ ಮದುವೆಯಾಗಿಯೇ ಹೆಣ್ಣನ್ನು ಕಳಿಸಬೇಕೆನ್ನುವ ಮನೆತನಗಳಿಗೆ ಸಂಗಾತಿ ಮಾರ್ಗ ಸಹಜವಾಗಿ ಒಗ್ಗುತ್ತದೆ. ಭಾರತದಲ್ಲಿ ಮದುವೆಯಾಗಲು ಸಾಧ್ಯವೇ ಇಲ್ಲದವರಿಗೆ ಕೆ-1 ನಿಜವಾಗಿ ಉಪಯುಕ್ತ. ಸಲಿಂಗ ದಂಪತಿಗಳು ಈ ವರ್ಗಕ್ಕೆ ಸೇರುತ್ತಾರೆ, ಏಕೆಂದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವರ ಮದುವೆಗೆ ಕಾನೂನು ಮಾನ್ಯತೆ ನೀಡಲು ನಿರಾಕರಿಸಿದೆ, ಅಮೆರಿಕವಾದರೋ 2013ರಿಂದ ವಲಸೆಯಲ್ಲಿ ಅವರನ್ನು ಸಮಾನವಾಗಿ ಕಾಣುತ್ತಿದೆ.

ಪ್ರಾಯೋಜಕರು ಪೌರರಲ್ಲದೆ ಗ್ರೀನ್ ಕಾರ್ಡ್ ಮಾತ್ರ ಹೊಂದಿದ್ದರೆ ಕೆ-1 ಲಭ್ಯವಿಲ್ಲ, ಸಂಗಾತಿ ವೀಸಾಗಳಿಗೂ ವಾರ್ಷಿಕ ಮಿತಿಯಿದ್ದು ಸರದಿ ಕಾಯಬೇಕು. ಎಚ್-1ಬಿ ವೀಸಾದ ಮೇಲಿರುವ ನೌಕರರ ಸಂಗಾತಿಗೆ ದೊರೆಯುವ ಎಚ್-4 ಅವಲಂಬಿತ ವೀಸಾ ಬೇಗ ಸಿಗುವುದಾದರೂ ಅದು ವಲಸೆಯಲ್ಲ. 2015ರ ಮೇ ತಿಂಗಳಿಂದ, ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ನಿಗದಿತ ಹಂತ ದಾಟಿದ ನೌಕರರ ಸಂಗಾತಿಗಳಿಗೆ ಮಾತ್ರ ಕೆಲಸದ ಅನುಮತಿ ದೊರೆಯುತ್ತಿದೆ.

ಇತರ ದೇಶಗಳು

ಬ್ರಿಟನ್ನಿನ ನೀತಿಯ ಕೇಂದ್ರ ವರಮಾನ. 2012ರಲ್ಲಿ ಪ್ರಾಯೋಜಕರ ವಾರ್ಷಿಕ ಆದಾಯದ ಕನಿಷ್ಠ ಮಿತಿ 18,600 ಪೌಂಡ್ ಎಂದು ನಿಗದಿಯಾಗಿ, 2024ರ ಏಪ್ರಿಲ್ 11ರಂದು 29,000ಕ್ಕೆ ಏರಿತು. ಹೊರಗಿನಿಂದ ಅರ್ಜಿ ಹಾಕಿದ ಸಂಗಾತಿಗೆ ಮೊದಲು 33 ತಿಂಗಳು, ಅನಂತರ 30 ತಿಂಗಳ ವಿಸ್ತರಣೆ, ಐದು ವರ್ಷ ತುಂಬಿದಾಗ ಕಾಯಂ ನಿವಾಸದ ಅವಕಾಶ ಎಂಬ ಏಣಿಯನ್ನು ಅದು ರೂಪಿಸಿದೆ. ಇಂಗ್ಲಿಷ್ ಪರೀಕ್ಷೆಯ ಮಟ್ಟವೂ ಹಂತಹಂತವಾಗಿ ಏರುತ್ತದೆ. ನಿಶ್ಚಿತ ಸಂಗಾತಿಗೆ ಆರು ತಿಂಗಳ ವೀಸಾ ಇದೆಯಾದರೂ ಆ ಅವಧಿಯಲ್ಲಿ ಕೆಲಸ ಮಾಡುವಂತಿಲ್ಲ, ಮದುವೆಯ ನಂತರ ಎರಡನೆಯ ಅರ್ಜಿಯ ಶುಲ್ಕವೂ ಬೀಳುತ್ತದೆ.

ಕೆನಡಾದಲ್ಲಿ 2002ರ ಕಾನೂನಿನಿಂದ ನಿಶ್ಚಿತ ಸಂಗಾತಿಯ ವರ್ಗವೇ ಇಲ್ಲವಾಗಿ, ಮದುವೆಯಾದವರು ಅಥವಾ ದಾಂಪತ್ಯಕ್ಕೆ ಸಮಾನವಾದ ಸಂಬಂಧದಲ್ಲಿರುವವರು ಮಾತ್ರ ಅರ್ಹರಾಗುತ್ತಾರೆ. ಸಂಗಾತಿಯ ಪ್ರಾಯೋಜನೆಗೆ ಸಾಮಾನ್ಯವಾಗಿ ಕನಿಷ್ಠ ವರಮಾನದ ಮಿತಿಯಿಲ್ಲ, ಮೂರು ವರ್ಷಗಳ ನಿರ್ವಹಣೆಯ ಹೊಣೆಯಿದೆ. ಎರಡು ವರ್ಷಗಳ ಷರತ್ತುಬದ್ಧ ನಿವಾಸವನ್ನು 2017ರಲ್ಲಿ ರದ್ದುಪಡಿಸಲಾಯಿತು. ಆಸ್ಟ್ರೇಲಿಯಾ ಮೂರು ದಾರಿಗಳನ್ನೂ ಉಳಿಸಿಕೊಂಡಿದ್ದು, 300ನೇ ಉಪವರ್ಗ ನಿಶ್ಚಿತರಿಗೆ 9ರಿಂದ 15 ತಿಂಗಳ ಅವಕಾಶ ಕೊಡುತ್ತದೆ. 309 ಹೊರಗಿನಿಂದಲೂ 820 ಒಳಗಿನಿಂದಲೂ ಹಾಕುವ ತಾತ್ಕಾಲಿಕ ಸಂಗಾತಿ ವೀಸಾಗಳಾಗಿದ್ದು ಅನಂತರ ಕಾಯಂ ಹಂತಕ್ಕೆ ಒಯ್ಯುತ್ತವೆ. ಜರ್ಮನಿ 2007ರಿಂದ ಸಂಗಾತಿಗಳು ಹೊರಡುವ ಮುನ್ನವೇ ಪ್ರಾಥಮಿಕ ಮಟ್ಟದ ಜರ್ಮನ್ ಭಾಷೆ ಕಲಿತಿರಬೇಕೆಂದು ವಿಧಿಸುತ್ತದೆ, ಆದರೆ ಬ್ಲೂ ಕಾರ್ಡ್ ಹೊಂದಿದ ಉನ್ನತ ಕೌಶಲದ ನೌಕರರ ಸಂಗಾತಿಗಳಿಗೆ ಇದರಿಂದ ವಿನಾಯಿತಿ ಇದೆ.

ಭಾರತಕ್ಕೆ ಬರುವ ಸಂಗಾತಿ

ವಲಸೆಯೆಂದರೆ ಹೊರಗೆ ಹೋಗುವುದೆಂಬ ರೂಢಿಯ ಕಲ್ಪನೆಯಲ್ಲಿ ಮರೆತುಹೋಗುವ ದಾರಿ ಭಾರತದಲ್ಲಿಯೇ ನೆಲೆಸುವುದು. ಭಾರತೀಯರನ್ನು ಮದುವೆಯಾದ ವಿದೇಶಿಯರು ಮೊದಲು ಎಕ್ಸ್ ವರ್ಗದ ಪ್ರವೇಶ ವೀಸಾ ಪಡೆದು ಬರುತ್ತಾರೆ. 180 ದಿನಗಳಿಗಿಂತ ಹೆಚ್ಚಿನ ವೀಸಾ ಉಳ್ಳವರು ಬಂದ 14 ದಿನಗಳೊಳಗೆ ವಿದೇಶಿಯರ ನೋಂದಣಾಧಿಕಾರಿಯಲ್ಲಿ ನೋಂದಾಯಿಸಿಕೊಳ್ಳುವುದು ವಾಡಿಕೆಯ ನಿಯಮವಾಗಿದ್ದು, ಬೆಂಗಳೂರಿನಲ್ಲಿ ಅದಕ್ಕೆ ಪ್ರತ್ಯೇಕ ಕಚೇರಿಯಿದ್ದರೆ ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿ ಆ ಹೊಣೆ ಹೊರುತ್ತಾರೆ. ಈ ವಿಷಯದ ಹಳೆಯ ಕಾಯ್ದೆಗಳ ಬದಲಿಗೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ಮದುವೆ ನೋಂದಣಿಯಾಗಿ ಕನಿಷ್ಠ ಎರಡು ವರ್ಷ ನಿರಂತರವಾಗಿ ಉಳಿದಿದ್ದರೆ ಸಂಗಾತಿಗೆ ಸಾಗರೋತ್ತರ ಭಾರತೀಯ ಪೌರ, ಅಂದರೆ ಒಸಿಐ, ಕಾರ್ಡಿಗೆ ಅರ್ಹತೆ ಬರುತ್ತದೆ. ಪಾಕಿಸ್ತಾನ, ಬಾಂಗ್ಲಾದೇಶಗಳ ಪೌರರಿಗೆ ಇದು ದೊರೆಯುವುದಿಲ್ಲ, ಮತ್ತು ಮದುವೆಯ ಮೂಲಕ ಪಡೆದ ಕಾರ್ಡನ್ನು ವಿಚ್ಛೇದನವಾದರೆ ರದ್ದುಪಡಿಸಬಹುದು. ಇಲ್ಲಿಯೂ ಎರಡು ವರ್ಷಗಳ ಎಣಿಕೆ ನೋಂದಣಿಯನ್ನೇ ನಂಬಿಕೊಂಡಿರುವುದರಿಂದ, ಅದನ್ನು ಮುಂದೂಡಿದ ದಂಪತಿ ಅಷ್ಟೂ ಕಾಲವನ್ನು ಕಳೆದುಕೊಳ್ಳುತ್ತಾರೆ.

ರಕ್ಷಣೆ ಮತ್ತು ವಿವಾದಗಳು

ಅವಲಂಬಿತ ಸ್ಥಾನಮಾನದ ಮೇಲೆ ಹೋದ ಹೆಣ್ಣುಮಕ್ಕಳನ್ನು ಕೈಬಿಡುವ, ಅಥವಾ ಮದುವೆಯಾಗಿ ಕರೆಸಿಕೊಳ್ಳದೆ ಇಲ್ಲಿಯೇ ಉಳಿಸುವ ಪ್ರಕರಣಗಳಿಗಾಗಿ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ವಿಭಾಗವಿದೆ. ಹಿಂದೂ ದಂಪತಿಗೆ ವಿದೇಶಿ ನ್ಯಾಯಾಲಯ ಕೊಟ್ಟ ವಿಚ್ಛೇದನ ಭಾರತದಲ್ಲಿ ಯಾವಾಗ ಮಾನ್ಯ ಎಂಬುದನ್ನು ಸುಪ್ರೀಂ ಕೋರ್ಟ್ 1991ರ ನರಸಿಂಹ ರಾವ್ ಪ್ರಕರಣದಲ್ಲಿ ಮಿತಿಗೊಳಿಸಿರುವುದರಿಂದ, ವರನಿಗೆ ಹಿಂದೆ ವಿದೇಶದಲ್ಲಿ ವಿಚ್ಛೇದನವಾಗಿದ್ದರೆ ಅದು ಇಲ್ಲಿಯೂ ಸಲ್ಲುತ್ತದೆಯೇ ಎಂದು ಮದುವೆಗೆ ಮೊದಲೇ ನೋಡಬೇಕಾಗುತ್ತದೆ. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಅನಿವಾಸಿ ಮತ್ತು ಒಸಿಐ ಮದುವೆಗಳಿಗೆ ಸಮಗ್ರ ಕಾನೂನನ್ನೂ ಕಡ್ಡಾಯ ನೋಂದಣಿಯನ್ನೂ ಶಿಫಾರಸು ಮಾಡಿದೆ. ಅಮೆರಿಕದ ಪೌರರಿಂದ ಅಥವಾ ಕಾಯಂ ನಿವಾಸಿಗಳಿಂದ ದೌರ್ಜನ್ಯಕ್ಕೊಳಗಾದ ಸಂಗಾತಿ ಪ್ರಾಯೋಜಕರ ಸಹಕಾರವಿಲ್ಲದೆ ತಾವೇ ಅರ್ಜಿ ಹಾಕಿಕೊಳ್ಳಲು 1994ರ ಕಾಯ್ದೆ ಅವಕಾಶ ಕೊಟ್ಟಿದೆ. ಎಚ್-4ನಂಥ ಅವಲಂಬಿತ ವೀಸಾಕ್ಕಿಂತ ಸ್ವಂತ ನಿವಾಸದ ಹಕ್ಕು ಕೊಡುವ ಮಾರ್ಗ ಸುರಕ್ಷಿತವೆನ್ನಲು ಇದೂ ಒಂದು ಕಾರಣ.

ಪೌರತ್ವ, ಭೂಮಿ ಮತ್ತು ಅಂತಿಮ ನೆಲೆ

ಅಮೆರಿಕದ ಪೌರರೊಂದಿಗೆ ಸಂಸಾರ ಮಾಡುತ್ತಿರುವ ಕಾಯಂ ನಿವಾಸಿ ಮೂರು ವರ್ಷಗಳ ಬಳಿಕ, ಇತರರು ಐದು ವರ್ಷಗಳ ಬಳಿಕ ಅಲ್ಲಿನ ಪೌರತ್ವ ಕೇಳಬಹುದು. ಆದರೆ ಭಾರತದ ಸಂವಿಧಾನದ 9ನೇ ವಿಧಿ ಮತ್ತು ಪೌರತ್ವ ಕಾಯ್ದೆಗಳು ದ್ವಿಪೌರತ್ವವನ್ನು ಒಪ್ಪದಿರುವುದರಿಂದ, ಅದನ್ನು ಸ್ವೀಕರಿಸಿದ ಕ್ಷಣವೇ ಭಾರತೀಯ ಪೌರತ್ವ ಕೊನೆಗೊಂಡು ಒಸಿಐ ಮಾತ್ರ ಉಳಿಯುತ್ತದೆ. ಕಬ್ಬು, ದ್ರಾಕ್ಷಿ, ತಂಬಾಕುಗಳ ಈ ಸೀಮೆಯಲ್ಲಿ ಇದರ ಪರಿಣಾಮ ನೇರವಾಗಿ ಹೊಲದ ಮೇಲೆ ಬೀಳುತ್ತದೆ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮಗಳಂತೆ ಅನಿವಾಸಿ ಭಾರತೀಯರಾಗಲಿ ಒಸಿಐ ಹೊಂದಿದವರಾಗಲಿ ಕೃಷಿಭೂಮಿಯನ್ನು ಖರೀದಿಸುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಆದ್ದರಿಂದ ಅಣ್ಣತಮ್ಮಂದಿರ ಪಾಲುಪಟ್ಟಿ, ತಂದೆತಾಯಿಯ ದಾನಪತ್ರ, ಹೊಸ ತೋಟದ ಖರೀದಿಗಳ ವಿಚಾರವನ್ನು ವೀಸಾ ಅರ್ಜಿಯೊಡನೆಯೇ ಕೂಡಿಸಿ ಯೋಚಿಸಬೇಕಾಗುತ್ತದೆ. ಬೇಗ ಸೇರಬೇಕೆಂಬ ಆತುರವೊಂದನ್ನೇ ಮುಂದಿಟ್ಟುಕೊಂಡವರಿಗೆ ಒಂದು ಮಾರ್ಗ ಸರಿಯೆನಿಸಿದರೆ, ಮದುವೆಯ ಸಿಂಧುತ್ವ, ಸಂಗಾತಿಯ ಸ್ವಾತಂತ್ರ್ಯ, ಮುಪ್ಪಿನಲ್ಲಿ ಎಲ್ಲಿರಬೇಕೆಂಬ ಇಚ್ಛೆಗಳನ್ನು ಸೇರಿಸಿ ಅಳೆದವರಿಗೆ ಬಹುಪಾಲು ಇನ್ನೊಂದು ಸರಿಯೆನಿಸುತ್ತದೆ. ದರ ಮತ್ತು ನಮೂನೆಗಳು ಆಗಾಗ ಬದಲಾಗುವುದರಿಂದ ಅವನ್ನು ಅರ್ಜಿಯ ದಿನ ನೋಡಿಕೊಳ್ಳಬಹುದು, ಮದುವೆಯ ಕ್ರಮ ಮತ್ತು ಕಾಯ್ದೆಯನ್ನು ಮಾತ್ರ ಮುಹೂರ್ತಕ್ಕೆ ಮೊದಲೇ ನಿರ್ಧರಿಸಿರಬೇಕು.